ಬಾವು ಇಳಿಸಿದ ಗುಳಿಗೆ

ಬ್ಯಾಡಗಿಯಲ್ಲಿ ಯಾರಿಗೆ ಎಲ್ಲಿ ಉರಿದರೂ ಅಪರಾಧಿ ಒಂದೇ, ಮೆಣಸಿನಕಾಯಿ. ಕಣ್ಣು ಕೆಂಪಾದರೆ ಅದರ ಘಾಟು, ಕೈ ಉರಿದರೆ ಅದರ ಖಾರ. ಹಾಗಾಗಿ ನಮ್ಮ ಅತ್ತೆಯ ಬಲಮೊಣಕಾಲು ಬಾತು, ಕೆಂಪಾಗಿ ಬಿಸಿಯೇರಿದಾಗಲೂ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಆ ಕಾಲಿಗೆ ಕೃತಕ ಕೀಲು ಹಾಕಿಸಿ ಎರಡು ವರ್ಷವಾಗಿತ್ತು. ಬೇಡವೆಂದರೂ ಕೇಳದೆ ಅವರು ಮತ್ತೆ ಮೆಣಸಿನಕಾಯಿಯ ತೊಟ್ಟು ಕಿತ್ತು ಹಾಕುವ ಕೆಲಸಕ್ಕೆ ಹೋಗುತ್ತಿದ್ದರು.

“ಖಾರ ಹತ್ತೇತಿ, ಬೆಣ್ಣಿ ಹಚ್ಚು,” ಎಂದರು. ಹಚ್ಚಿದೆ. ಬಾವು ಇಳಿಯಲಿಲ್ಲ. ಆಗ ನನ್ನ ಜಾಣತನ ಎದ್ದು ಕುಳಿತಿತು. ಗಂಡ ಹಲ್ಲು ಕೀಳಿಸಿದಾಗ ಕೀವಾಗದಿರಲೆಂದು ತಂದ ಗುಳಿಗೆಗಳು ಉಳಿದಿದ್ದವು. ಎರಡು ದಿನ ಕೊಟ್ಟೆ. ಬಾವು ಇಳಿಯಿತು, ನಿಲ್ಲಿಸಿದೆ. ತಿಂಗಳಿಗೆ ಮತ್ತೆ ಬಂತು. ಔಷಧದ ಅಂಗಡಿಯಲ್ಲಿ ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಅದನ್ನೇ ತಂದೆ. ಹೀಗೆ ನಾಲ್ಕು ಸಲ. ಓಣಿಗೆಲ್ಲ ನಾನೇ ಡಾಕ್ಟರು.

ಐದನೆಯ ಸಲ ಹಳೆಯ ಹೊಲಿಗೆಯ ಗುರುತಿನಿಂದ ಕೀವು ಒಸರಿತು. ರಾಣೇಬೆನ್ನೂರಿನ ಎಲುಬಿನ ಡಾಕ್ಟರ ಬಳಿ ಓಡಿದೆವು. ಅವರು ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿ, ವಾರದ ಮೇಲೆ ಕರೆಸಿದರು.

“ಕೀಲಿಗೆ ಸೋಂಕು ಆಗೇತಿ. ಆದ್ರ ಯಾವ ಕ್ರಿಮಿ ಅಂತ ಗೊತ್ತಾಗವಲ್ದು. ಮೊದಲ ಏನರ ಗುಳಗಿ ತಗೊಂಡಿದ್ರೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಹೇಳಿದರು: “ನಮ್ಮ ಸೊಸಿ ಕೊಟ್ಟಾಳ್ರಿ ಸಾಹೇಬ್ರ. ಎರಡ ದಿನದಾಗ ಬಾವು ಇಳೀತಿತ್ತು.”

ಡಾಕ್ಟರು ನನ್ನನ್ನೇ ನೋಡಿದರು. “ಅರ್ಧಮರ್ಧ ಗುಳಗಿಗೆ ಕ್ರಿಮಿ ಸಾಯಂಗಿಲ್ಲ ತಂಗಿ, ಅಡಗಿ ಕುಂದರ್ತಾವ. ಬಾವಿ ಕಲ್ಲಿಗೆ ಪಾಚಿ ಕಟ್ಟಿದಂಗ ಕೀಲಿಗೆ ಹತ್ಯಾವ. ಮೊದಲ ಸಲಾನ ಬಂದಿದ್ರ ತೊಳದು ಉಳಸಾಕ ನೋಡಬಹುದಿತ್ತು. ಈಗ ಆ ಕೀಲು ತಗೀಬೇಕು. ಆ ಜಾಗದಾಗ ಔಷಧ ಬೆರಸಿದ ಎಲುಬಿನ ಸಿಮೆಂಟ್ ಇಟ್ಟು, ಸೋಂಕು ಹೋಗೂತನಕ ಕಾಯಬೇಕು. ಹೋದ್ರ ಹೊಸಾದು ಹಾಕೋಣು.”

“ಹೋಗಲಿಲ್ಲಂದ್ರ?” ಎಂದೆ.

“ಕಾಲು ಉಳದ್ರೂ ಮಡಚಾಕ ಬರಂಗಿಲ್ಲ.”

ತೆಗೆಯುವುದೆಂದರೇನು, ಅದೇನು ಬಾಗಿಲ ಚಿಲಕವೇ? ನಡೆದಾಡುವ ಹೆಂಗಸಿನ ಮೊಣಕಾಲನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ, ಅದೂ ಜಾಣತನದ ಹೆಸರಿನಲ್ಲಿ.

ಹೊರಗಿನ ಬೆಂಚಿನ ಮೇಲೆ ಅತ್ತೆ ಕಾಲು ಚಾಚಿ ಕುಳಿತರು. ಡಾಕ್ಟರ ಮಾತು ಅವರಿಗೂ ಪೂರ್ತಿ ತಿಳಿದಿತ್ತು. ಬಯ್ಯಲಿ ಎಂದು ತಲೆ ಬಗ್ಗಿಸಿ ಕಾದೆ.

“ಗುಳಗಿ ವಿಷಯ ನಿನ್ನ ಗಂಡಗ ಹೇಳಬ್ಯಾಡ,” ಎಂದರು. “ಕೇಳಿದ್ರ ನಾನ ಅಂಗಡಿಗೆ ಹೋಗಿ ಇಸಗೊಂಡು ನುಂಗಿದೆ ಅಂತ ಹೇಳ್ತೇನಿ.”