ಲೋರೆನ್ ಮುಚ್ಚಿದ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಕಾನ್ಸಾಸಿನ ಗೋಧಿ ಬಯಲಿನ ಒಂದು ಅಡುಗೆಮನೆಯಲ್ಲಿ ಡಾಕ್ಟರ್ ವರ್ನಾ ಕ್ಲಾಸೆನ್ ನೆಲದ ಮೇಲೆ ಕೂತು, ಮುದುಕ ಮೆನೋ ಉನ್ರುವಿನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದಾರೆ. ಮುಟ್ಟುವ ಮೊದಲು ಕೈಗಳನ್ನು ಒಲೆಯ ಬಳಿ ಹಿಡಿದು ಬೆಚ್ಚಗೆ ಮಾಡಿಕೊಂಡಿದ್ದಾರೆ.

"ಅಲ್ಲ ಡಾಕ್ಟ್ರಮ್ಮ, ಒಂಬತ್ತು ತಿಂಗಳೂ ನನ್ನ ಸೊಸೇನ ನೋಡೋದು ನೀವು, ಕೂಸು ಹಿಡಿಯೋದು ಆ ಲೋರೆನ್ನಾ?"

"ಕಾಲು ಅಲ್ಲಾಡಿಸ್ಬೇಡ ಮೆನೋ."

ಮುದುಕ ಮುಟ್ಟಿದ್ದು ಇನ್ನೊಂದು ಹುಣ್ಣನ್ನು. ಗಂಡ ಹಾಸಿಗೆ ಹಿಡಿದ ವರ್ಷ ವರ್ನಾ, ಮಾನ್ಯತೆ ಉಳಿಸಿಕೊಳ್ಳಲು ಆಗಾಗ ಬರೆಯಬೇಕಾದ ಕುಟುಂಬ ವೈದ್ಯರ ಬೋರ್ಡಿನ ಪರೀಕ್ಷೆ ಬರೆಯಲಿಲ್ಲ. ಆಮೇಲೂ ಬರೆಯಲಿಲ್ಲ. "ಲೈಸೆನ್ಸ್ ಇದೆ, ರೋಗಿಗಳಿದಾರೆ. ಈ ವಯಸ್ಸಲ್ಲಿ ಯಾರಿಗೆ ಪರೀಕ್ಷೆ ಕೊಡ್ಲಿ ಅಂದ್ಕೊಂಡೆ," ಎನ್ನುತ್ತಾರೆ. ಆದರೆ ಬೋರ್ಡಿನ ಮಾನ್ಯತೆ ಇಲ್ಲದವರು ಹೆರಿಗೆ ಮಾಡಿಸುವಂತಿಲ್ಲ ಎಂದು ಊರಿನ ಆಸ್ಪತ್ರೆ ಹೇಳಿತು. ಈಗ ತಮ್ಮದೇ ಬಸುರಿಯರ ಕೂಸುಗಳ ಮೊದಲ ಅಳುವನ್ನು ಅವರು ಹೊರಗಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ.

ಒಳಗಿರುವವರು ಡಾಕ್ಟರ್ ಲೋರೆನ್ ಎಡಿಗರ್. ಕ್ಲಿನಿಕ್ಕಿನಲ್ಲಿ ಪಕ್ಕದ ಕೋಣೆಯವರು. ಒಮ್ಮೆಯೂ ಪರೀಕ್ಷೆ ತಪ್ಪಿಸಿದವರಲ್ಲ.

"ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ? ಅವನ ಗೋಡೇಲಿರೋ ಆ ಸರ್ಟಿಫಿಕೇಟಿನ ಫ್ರೇಮು ನೋಡಿದ್ರೆ ಉರಿಯುತ್ತೆ. ಕೂಸು ಅವನ ಕೈಲಿ ಸುಮ್ಮನಾದ್ರೆ ಇನ್ನೂ ಉರಿಯುತ್ತೆ," ಎನ್ನುತ್ತಾರೆ ವರ್ನಾ.

ಆ ಉರಿಯೇ ಅವರನ್ನು ಮತ್ತೆ ಓದಿಗೆ ಕೂರಿಸಿದೆ. ಭಾನುವಾರ ರೋಗಿಗಳಿಲ್ಲದ ಕ್ಲಿನಿಕ್ಕಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಬೋರ್ಡಿನ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ; ಈಗ ಪರೀಕ್ಷೆ ನಡೆಯುವುದೇ ಹೀಗೆ, ಕಂತುಕಂತಾಗಿ. ಪುಸ್ತಕ ತೆರೆಯಬಹುದು, ಇನ್ನೊಬ್ಬರನ್ನು ಕೇಳುವಂತಿಲ್ಲ. ಅವರ ವೈದ್ಯವೃತ್ತಿಯೆಲ್ಲ ನಡೆದದ್ದೇ ಕೇಳಿಕೊಂಡು. ಅನುಮಾನ ಬಂದರೆ ನಡುವಿನ ಬಾಗಿಲಿನತ್ತ ಒಂದು ಕೂಗು, ಆಚೆಯಿಂದ ಒಂದು ಉತ್ತರ.

ಮೊದಲ ಭಾನುವಾರವೇ ಬಸುರಿಯ ರಕ್ತದೊತ್ತಡದ ಪ್ರಶ್ನೆಯೊಂದು ಬಂತು. ಲೋರೆನ್ ತಮ್ಮ ಕೋಣೆಯಲ್ಲೇ ಇದ್ದರು. ಅಭ್ಯಾಸಬಲದಿಂದ ವರ್ನಾ ಕೂಗಿಬಿಟ್ಟರು: "ಲೋರೆನ್, ಇಂಥವಳಿಗೆ ನೀನಾದ್ರೆ ಏನು ಕೊಡ್ತೀಯ?"

ಲೋರೆನ್ ಎದ್ದು ಬಂದು ಬಾಗಿಲು ಮುಚ್ಚಿದರು.

"ನಾನು ಪಾಸಾಗೋದು ಇವನಿಗೆ ಬೇಡ ಅಂದ್ಕೊಂಡೆ. ಸಿಟ್ಟಲ್ಲಿ ಪುಸ್ತಕ ಹುಡುಕಿ ನಾನೇ ಉತ್ತರ ಬರೆದೆ. ಮುಗಿಸಿ ಬಾಗಿಲು ತೆಗೆದ್ರೆ ಹೊಸ್ತಿಲಲ್ಲಿ ಕಾಫಿ, ಮೇಲೊಂದು ತಟ್ಟೆ ಮುಚ್ಚಿತ್ತು. ಅವನು ಒಂದು ಮಾತು ಹೇಳಿಕೊಟ್ಟಿದ್ರೂ ನನ್ನ ಪರೀಕ್ಷೆ ಅಲ್ಲಿಗೇ ರದ್ದಾಗ್ತಿತ್ತು. ಅದು ಹೊಳೆದಿದ್ದು ಕಾಫಿ ಕುಡಿಯೋವಾಗ."

ಹೊಟ್ಟೆ ತಣ್ಣಗಾಯಿತೇ?

"ಎಲ್ಲಿಂದ!" ವರ್ನಾ ನಗುತ್ತಾ ಮೆನೋನ ಕಾಲಿಗೆ ಕಾಲುಚೀಲ ಏರಿಸುತ್ತಾರೆ. "ಇವನ ಸೊಸೆಗೆ ಮಾರ್ಚಲ್ಲಿ ಹೆರಿಗೆ, ಅಷ್ಟರೊಳಗೆ ಪಾಸಾಗ್ಬೇಕು. ಮೆನೋ ಮೊಮ್ಮಗು ನನ್ನ ಕೈಲೇ ಅಳ್ಬೇಕು. ಲೋರೆನ್ ಆ ಬೆಂಚಲ್ಲಿ ಕೂತು ಕೇಳ್ಲಿ. ಕಾಫಿ ನಾನೇ ಕಳಿಸ್ತೀನಿ, ತಟ್ಟೆ ಮುಚ್ಚಿ."