ಚೆಕಿಂಗ್ ಮಾವನ ವೈಫೈ

ವೈಫೈ ನಿಂತರೆ ಅದು ಕೆಟ್ಟಿದೆ ಎಂದು ನಮ್ಮ ಬೀದಿಯ ಚೆಕಿಂಗ್ ಮಾವ ಒಪ್ಪುವುದಿಲ್ಲ, ಕಳುವಾಗಿದೆ ಎನ್ನುತ್ತಾರೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟಿಲ್ಲದವನನ್ನು ಬೆನ್ನು ನೋಡಿಯೇ ಗುರುತಿಸುತ್ತಾರಂತೆ. ಹಾಲಿನವನು ಗೇಟಿನ ಬಳಿ ಮೊಬೈಲು ತೆಗೆದರೆ ಸಾಕು, ಒಳಗೋಡಿ ರೂಟರಿನ ದೀಪ ನೋಡಿ ಬರುತ್ತಾರೆ. ದೀಪ ಮಿಟುಕಿದರೆ ಯಾರೋ ಹತ್ತಿದರು, ಆರಿದರೆ ಯಾರೋ ಇಳಿದರು. ಅನುಮಾನದ ಭರದಲ್ಲಿ ಸ್ವಂತ ಹೆಂಡತಿಯ ಫೋನನ್ನೂ ಇಳಿಸಿದ್ದುಂಟು. ಕೊನೆಗೆ ಎಲ್ಲವೂ ಪಕ್ಕದ ಮನೆಯವನ ತಲೆಗೇ ಬರುತ್ತದೆ. ಪಕ್ಕದ ಮನೆಯವನೆಂದರೆ ಒಡಹುಟ್ಟಿದ ತಮ್ಮ. ಮನೆ ಪಾಲಾದ ಮೇಲೆ ಮಾತಿಲ್ಲ, ನಡುವೆ ಒಂದೇ ಗೋಡೆ. ರೂಟರ್ ಇರುವುದೂ ಆ ಗೋಡೆಗೆ ಅಂಟಿಕೊಂಡೇ, ಹಾಗಾಗಿ ಇವರ ಕೋಣೆಗಳಿಗೆ ಸಿಗ್ನಲ್ ಸಾಲದು. ರಿಪೇರಿಗೆಂದು ಕರೆಸಿದ್ದರಿಂದ ಹೋಗಿದ್ದ ನಾನು, "ಮಾವ, ಇದನ್ನ ಮನೆ ಮಧ್ಯಕ್ಕೆ ತಂದಿಡಿ, ಎಲ್ಲಾ ಸರಿಹೋಗುತ್ತೆ," ಎಂದೆ. "ಬೇಡಪ್ಪ, ಕಳ್ಳನ ಮೇಲೆ ಕಣ್ಣಿಡೋಕೆ ಅದೇ ಜಾಗ," ಎಂದರು. ಪಾಸ್‌ವರ್ಡ್ ಮಾತ್ರ ವಾರವಾರ ಬದಲಾಯಿಸುತ್ತಾರೆ. "ಈ ಸಲದ್ದು ಅವನಪ್ಪನಿಗೂ ಗೊತ್ತಾಗಲ್ಲ," ಎಂದು ದನಿ ತಗ್ಗಿಸಿದರು. "ಚಿಕ್ಕಂದಿನಲ್ಲಿ ಅಪ್ಪನ ಕಣ್ಣು ತಪ್ಪಿಸಿ ಮಂಚದ ಕೆಳಗೆ ಸಾಕಿದ್ದ ನಾಯಿಮರಿ ಹೆಸರು." "ಒಬ್ಬರೇ ಸಾಕಿದ್ರಾ ಮಾವ?" ಎಂದು ಕೇಳಿದೆ. ಮಾವ ಪಂಚೆಯ ತುದಿಯಿಂದ ರೂಟರಿನ ಧೂಳು ಒರೆಸಿ, ಅದನ್ನು ಗೋಡೆಗೆ ಇನ್ನೊಂದು ಚೂರು ಒತ್ತಿಟ್ಟರು.