ಎರಡೂ ಅಲ್ಲ, ಒಂದಾದರೂ

ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿ ತುಮಕೂರಿನಲ್ಲಿ ಮನೆ ಕಟ್ಟಿದವನು ನಾನು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನದನ್ನು ಹೇಳಬಲ್ಲೆ. ಆದರೂ ಹತ್ತಕ್ಕೊಂದು ಕಾಯಿ ನನಗೂ ಮೋಸ ಮಾಡುತ್ತದೆ. ಮಗಳ ನಿಶ್ಚಿತಾರ್ಥದ ಮಾತು ಬರುವವರೆಗೆ ಈ ಹತ್ತಕ್ಕೊಂದರ ಬಗ್ಗೆ ನಾನು ತಲೆ ಕೆಡಿಸಿಕೊಂಡವನಲ್ಲ.

ಮಗಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹುಡುಗ ಕುಣಿಗಲ್ಲಿನವನು, ಬಿದರೆಹಳ್ಳಿ ಕಾವಲಿನ ಕಾರ್ಖಾನೆಯಲ್ಲಿ ಕೆಲಸ. ಅವನ ಮಾತು ಬಂದರೆ ಇವಳ ಕೈಯಲ್ಲಿನ ಕೆಂಪು ಪೆನ್ನು ನಿಂತುಬಿಡುತ್ತಿತ್ತು, ಅಷ್ಟು ಹಿಡಿಸಿದ್ದ. ತೊಡಕೆಂದರೆ ಹುಡುಗನ ಅಜ್ಜಿ. ಅವರ ಮನೆಯಲ್ಲಿ ಶಾಸ್ತ್ರದ ದಿನ ಎರಡು ಕಡೆಯವರೂ ಒಂದೊಂದು ಕಾಯಿ ಒಡೆಯಬೇಕು, ಎರಡೂ ಚೆನ್ನಾಗಿರಬೇಕು. ಹಿಂದೊಮ್ಮೆ ಒಂದು ಕಾಯಿ ಕೊಳೆತಿತ್ತೆಂದು ಅಜ್ಜಿ ಆ ಸಂಬಂಧವನ್ನೇ ಬಿಟ್ಟು ಎದ್ದು ಬಂದಿದ್ದರಂತೆ.

“ಒಂದೇ ಆದ್ರೆ ಭಯ ಕಣಮ್ಮ, ಎರಡಿದ್ರೆ ಏನ್ ಭಯ?” ಎಂದೆ ಮಗಳಿಗೆ.

“ಅಪ್ಪಾ, ಉಲ್ಟಾ ಹೇಳ್ತಿದೀಯ. ‘ಎರಡೂ’ ಅಂದ್ರೆ ಗುಣಿಸ್ಬೇಕು. ಹತ್ತರಲ್ಲಿ ಒಂಬತ್ತು ಒಳ್ಳೇದು, ಅದ್ರ ಮೇಲೆ ಇನ್ನೊಂದ್ ಸಲ ಹತ್ತರಲ್ಲಿ ಒಂಬತ್ತು. ಒಂಬತ್ತೊಂಬತ್ಲ ಎಂಬತ್ತೊಂದು. ನೂರು ಸಲ ನಿಶ್ಚಿತಾರ್ಥ ಮಾಡಿದ್ರೆ ಹತ್ತೊಂಬತ್ತು ಸಲ ಮುರಿಯತ್ತೆ.”

“ಒಂದೇ ಸಲ ಮಾಡ್ಕೋ ತಾಯಿ” ಎಂದೆ. ಅವಳು ನಗಲಿಲ್ಲ.

ಜೀವನವೆಲ್ಲ ಮಾತಿನ ಮೇಲೆ ವ್ಯಾಪಾರ ಮಾಡಿದ ನಾನು ಆ ಒಂದು ದೀರ್ಘವನ್ನು ತೂಗಿ ನೋಡಿರಲಿಲ್ಲ. ‘ಎರಡು’ ಬೇರೆ, ‘ಎರಡೂ’ ಬೇರೆ.

“ಎರಡರಲ್ಲಿ ಒಂದಾದರೂ ಚೆನ್ನಾಗಿದ್ರೆ ಸಾಕು ಅಂದ್ರೆ?”

“ಆಗ ಎರಡೂ ಕೆಟ್ರೆ ಮಾತ್ರ ಸೋಲು. ನೂರಕ್ಕೆ ಒಂದು ಸಲ. ಆದ್ರೆ ಒಂದೇ ರಾಶಿಯಿಂದ ಎರಡೂ ತರ್ಬೇಡ. ರಾಶಿಗೆ ನೀರು ತಾಗಿದ್ರೆ ಎರಡೂ ಜೊತೇಲೇ ಕೆಡ್ತವೆ, ಆಗ ಈ ಲೆಕ್ಕ ನಡಿಯಲ್ಲ.”

ಮರುದಿನವೇ ಕುಣಿಗಲ್ ಬಸ್ ಹತ್ತಿದೆ. ಚೌಕಾಸಿಗೆ ಹೋದಾಗ ಎದುರಿನವರ ಪದ್ಧತಿ ತಪ್ಪು ಎನ್ನಬೇಡಿ. ಅವರದೇ ಇನ್ನೊಂದು ನಂಬಿಕೆ ಹುಡುಕಿ ಅದರ ಪಕ್ಕದಲ್ಲಿಡಿ.

“ಅಮ್ಮಾ, ಒಂದು ಕಾಯಿ ಕೆಟ್ಟಿದ್ರೆ ದೃಷ್ಟಿ ಹೋಯ್ತು ಅಂತಾರಲ್ವಾ? ಅದೂ ಒಳ್ಳೇದೇ ತಾನೆ?”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಅಳೆದರು. “ಯಾಪಾರಿ ಮಾತು ನಿಂದು. ಆಯ್ತು ಬುಡು, ಒಂದಾರ ಬೆಳ್ಳಗಿರ್ಲಿ. ಎರಡೂ ಕೆಟ್ರೆ ಮಾತ್ರ ನಾನ್ ಕುಂತಿರಾಕಿಲ್ಲ.”

“ನಿಮ್ ಕಾಯಿ ನಿಮ್ ತೋಟದ್ದೇ ತನ್ನಿ” ಎಂದು ಅದನ್ನೂ ಗಟ್ಟಿ ಮಾಡಿಕೊಂಡು ಬಂದೆ.

ಶಾಸ್ತ್ರದ ದಿನ ಮೊದಲು ಒಡೆದದ್ದು ನನ್ನ ಕಾಯಿ. ಗುಬ್ಬಿಯ ಅಂಗಡಿಯಲ್ಲಿ ಕೂತು, ಒಂದೊಂದನ್ನೇ ಅಲ್ಲಾಡಿಸಿ ಆರಿಸಿದ್ದು. ನಡುಮನೆಯೆಲ್ಲ ಕೊಳೆತ ವಾಸನೆ.

“ಕಾಯಿ ಯಾಪಾರಿ ಅಂತೆ!” ಎಂದರು ಅಜ್ಜಿ. ಎಲ್ಲರೂ ನಕ್ಕರು. ನಾನು ಮಗಳ ಕಡೆ ನೋಡಿದೆ. ಅವಳು ಒಂದು ಬೆರಳು ಮಡಚಿ, ಸೆರಗಿನ ಮರೆಯಿಂದ ಉಳಿದ ಒಂಬತ್ತನ್ನು ತೋರಿಸಿದಳು. ಹೋದ ಕಾಯಿ ಹೋಯಿತು, ಇನ್ನೊಂದಕ್ಕೆ ಹತ್ತರಲ್ಲಿ ಒಂಬತ್ತು ಹಾಗೇ ಇದೆ ಎಂದು.

ಕುಣಿಗಲ್ಲಿನ ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಹೊಸದಾಗಿ ಸುಣ್ಣ ಬಳಿದ ಗೋಡೆಯಷ್ಟು ಬಿಳುಪು.

“ನೋಡ್ದಾ? ನಮ್ ತೋಟದ ಕಾಯಿ ಕಣಪ್ಪ. ಇನ್ಮೇಲೆ ನಮ್ಮತ್ರನೇ ತಗೋ” ಎನ್ನುತ್ತ ಅಜ್ಜಿ ಹೋಳನ್ನು ಮಗಳ ಮಡಿಲಿಗೆ ಹಾಕಿದರು.

“ಎಷ್ಟಕ್ಕೆ ಕೊಡ್ತೀರಮ್ಮಾ?” ಎಂದು ನಾನು ಕೇಳಿಯೇಬಿಟ್ಟೆ. ಮಗಳು ಮಡಚಿದ್ದ ಆ ಒಂದು ಬೆರಳನ್ನು ಬಿಡಿಸಿ, ನನ್ನನ್ನೇ ನೋಡುತ್ತ, ತುಟಿಯ ಮೇಲಿಟ್ಟುಕೊಂಡಳು.